ಬಣ್ಣದವಳಿಗೆ ಕೊಟ್ಟದ್ದು

"ಯಾರನ್ನು ಬೇಕಾದ್ರೂ ಬರಿ, ಬಣ್ಣದವಳನ್ನು ಮಾತ್ರ ಮುಟ್ಟಬೇಡ," ಎಂದಳು ಕೊಕ್ಕೆ ಮೇಡಂ.

ಅವನು ನಕ್ಕುಬಿಟ್ಟ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಹನ್ನೊಂದು ಮಂದಿ ಕುಳಿತಿದ್ದರು. ಬೇರೆ ಯಾರೂ ನಗಲಿಲ್ಲ. ಕೆಳಗಿನಿಂದ ಸುಟ್ಟ ರಬ್ಬರಿನ ವಾಸನೆ ಏರಿ ಬರುತ್ತಿತ್ತು. ಗಾಳಿ ತುಂಬುವ ಪಂಪು ದಮ್ಮಿನ ರೋಗಿಯಂತೆ ಏದುಸಿರು ಬಿಡುತ್ತಿತ್ತು.

ಅವರೆಲ್ಲ ಒಂದೇ ಧಾರಾವಾಹಿಯ ಹುಚ್ಚು ಹಿಡಿದವರು. ಎಂದೋ ಒಂದು ವಾರಪತ್ರಿಕೆಯಲ್ಲಿ ಐವತ್ತೆರಡು ಕಂತುಗಳಲ್ಲಿ ಬಂದು ಮುಗಿದ ಕತೆ ಅದು. ಬರೆದವಳು ಸತ್ತು ಎಷ್ಟೋ ವರ್ಷವಾಗಿತ್ತು. ಇವರಿಗೆ ಮಾತ್ರ ಅದು ಮುಗಿದಿರಲಿಲ್ಲ. ಅದರ ಪಾತ್ರಗಳನ್ನು ಎತ್ತಿಕೊಂಡು ತಮ್ಮ ತಮ್ಮ ಕತೆ ಕಟ್ಟುತ್ತಿದ್ದರು. ಮೂಲದಲ್ಲಿ ಕೂಡದೆ ಹೋದ ಪ್ರೇಮಿಗಳನ್ನು ಕೂಡಿಸಿದವರಿದ್ದರು, ಖಳನಿಗೊಂದು ಬಾಲ್ಯ ಬರೆದುಕೊಟ್ಟವರಿದ್ದರು. ಫ್ಯಾನ್ ಫಿಕ್ಷನ್ ಎಂದರೆ ಹೊರಗಿನವರು ಮುಖ ಸಿಂಡರಿಸುತ್ತಿದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಆ ವಾರದ ಕತೆಗಳು ಅವರ ಜಾಲತಾಣದಲ್ಲಿ ಬರುತ್ತಿದ್ದವು. ತಿಂಗಳಿಗೊಮ್ಮೆ ಈ ಕೋಣೆಯಲ್ಲಿ ಸೇರಿ ಒಬ್ಬರ ಬರಹವನ್ನು ಇನ್ನೊಬ್ಬರು ಹರಿದು ಹಾಕುತ್ತಿದ್ದರು.

ಬಣ್ಣದವಳು ಆ ಧಾರಾವಾಹಿಯ ಮೂಲೆಯಲ್ಲಿದ್ದ ಒಬ್ಬ ಹೆಂಗಸು. ನೂಲಿಗೆ ಬಣ್ಣ ಹಾಕುವವಳು. ಮೂವತ್ತನೆಯ ಕಂತಿನಲ್ಲಿ ತನ್ನದೇ ತೊಟ್ಟಿಯಲ್ಲಿ ಮುಳುಗಿ ಸಾಯುತ್ತಾಳೆ. ಯಾಕೆಂದು ಲೇಖಕಿ ಹೇಳಿರಲಿಲ್ಲ. ಬರೆಯುವವನಿಗೆ ಇದಕ್ಕಿಂತ ದೊಡ್ಡ ಆಸೆ ತೋರಿಸುವ ಸಂದು ಇನ್ನೊಂದಿಲ್ಲ.

"ಯಾಕೆ ಮೇಡಂ, ಕಚ್ತಾಳಾ?" ಎಂದ.

ಕೊಕ್ಕೆ ಮೇಡಂ ನಾಲಿಗೆಯಿಂದ ತ್ಚ್ ಎಂದು ಸದ್ದು ಮಾಡಿದಳು. ನಕ್ಷೆ ಬಿಡಿಸುವ ಕಚೇರಿಯೊಂದರಲ್ಲಿ ಕೆಲಸ ಮಾಡುವ ಐವತ್ತು ದಾಟಿದ ಹೆಂಗಸು. ತುರುಬಿನಲ್ಲಿ ಸದಾ ಒಂದು ಪೆನ್ಸಿಲ್. ಪ್ರತಿಯೊಬ್ಬರ ಕತೆಗೂ ಒಂದಲ್ಲ ಒಂದು ಕೊಕ್ಕೆ ಹಾಕುತ್ತಿದ್ದುದರಿಂದ ಆ ಅಡ್ಡಹೆಸರು. ಅವಳ ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಜಾರಿರಲಿಲ್ಲ.

"ಬರೀಲೇಬೇಕು ಅಂತಿದ್ರೆ ಮೂಲದಲ್ಲಿ ಇರೋದಷ್ಟನ್ನೇ ಬರಿ. ಅವಳ ಬಗ್ಗೆ ಒಂಬತ್ತು ಸಂಗತಿ ಇದೆ. ಹತ್ತನೇದು ಸೇರಿಸಬೇಡ. ನಿನ್ನ ಮನೇಲಿ ಉಸಿರಾಡ್ತಾ ಇರೋರದ್ದಂತೂ ಬೇಡವೇ ಬೇಡ."

"ಸೇರಿಸಿದ್ರೆ?"

"ಹೋಗುತ್ತೆ," ಎಂದಳು.

"ಏನು ಹೋಗುತ್ತೆ?"

ಅವಳು ಬೆರಳು ನೆಕ್ಕಿ ಹಾಳೆ ತಿರುವಿದಳು. ಇಷ್ಟು ಓದಿದವರು ಒಂದು ಕಾಗದದ ಹೆಂಗಸಿಗೆ ಹೆದರುತ್ತಾರಲ್ಲ, ಎಂದುಕೊಂಡು ಮೆಟ್ಟಿಲಿಳಿದ. ಇಳಿಯುವಾಗಲೇ ಮೊದಲ ಸಾಲು ಹೊಳೆದಿತ್ತು.

ಅವನ ಕೆಲಸ ಜನರ ಕಿವಿ ಪರೀಕ್ಷಿಸುವುದು. ಆಸ್ಪತ್ರೆಯ ಹಿಂಭಾಗದಲ್ಲಿ ಸದ್ದು ನುಗ್ಗದ ಒಂದು ಪುಟ್ಟ ಕೋಣೆ. ಗೋಡೆಗೆಲ್ಲ ಬೂದು ಸ್ಪಂಜು, ಒಂದು ಕಿಟಕಿಗಾಜು, ಒಂದು ಕುರ್ಚಿ, ಕಿವಿಗೆ ಹಾಕುವ ಹೆಡ್‌ಫೋನು. ಒಳಗೆ ಕೂತವರು ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಹೊರಗೆ ಕೂತು ಅವನು ಸದ್ದು ಕಳಿಸಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಆ ಕೋಣೆ ಅವನದು. ದಪ್ಪ ಬಾಗಿಲು ಎಳೆದುಕೊಂಡರೆ ಜಗತ್ತು ಕತ್ತರಿಸಿ ಬಿದ್ದಂತೆ. ಸ್ವಲ್ಪ ಹೊತ್ತಿಗೆ ತನ್ನದೇ ರಕ್ತ ಕಿವಿಯಲ್ಲಿ ಹರಿಯುವುದು ಕೇಳುತ್ತಿತ್ತು. ಆ ನಿಶ್ಶಬ್ದಕ್ಕೆ ಅವನು ಒಗ್ಗಿಹೋಗಿದ್ದ. ಮನುಷ್ಯರ ಜೊತೆ ಅಷ್ಟು ಸಲೀಸಾಗಿ ಅವನಿಗೆ ಯಾವತ್ತೂ ಇರಲಾಗಿರಲಿಲ್ಲ.

ಅಲ್ಲಿ ಕೂತು ಅವನು ಬರೆದ. ಹನ್ನೆರಡನೆಯ ಕಂತಿಗೂ ಹದಿಮೂರನೆಯದಕ್ಕೂ ನಡುವೆ ಎಷ್ಟು ದಿನ ಕಳೆದಿವೆ, ಆ ದಿನಗಳಲ್ಲಿ ಬಣ್ಣದವಳು ಎಲ್ಲಿದ್ದಳು, ಬಾಗಿಲು ತಟ್ಟಿದವರು ಯಾರು ಎಂದು ಪಟ್ಟಿ ಮಾಡಿದ. ಬೇರೆಯವರ ಲೋಕದೊಳಗೆ ಹೀಗೆ ಕಳ್ಳಹೆಜ್ಜೆಯಲ್ಲಿ ನಡೆದಾಡುವುದರಲ್ಲಿ ಒಂದು ಸುಖವಿತ್ತು. ಗೋಡೆ ಯಾರೋ ಕಟ್ಟಿದ್ದಾರೆ, ಬಾಗಿಲು ಎಲ್ಲಿದೆಯೆಂದು ಗೊತ್ತಿದೆ. ಮುಚ್ಚಿದ ಕೋಣೆಗಳನ್ನು ತೆರೆಯುವುದಷ್ಟೇ ಕೆಲಸ. ತೊಟ್ಟಿಯಿಂದ ಅವಳನ್ನು ಜೀವಂತವಾಗಿ ಎತ್ತಿಸಿದ.

ಭಾನುವಾರ ಕತೆ ಬಂತು. ಒಂದು ಗಂಟೆಗೆಲ್ಲ ಉಗಿತವೂ ಬಂತು.

"ನಿಮ್ಮ ಬಣ್ಣದವಳು ಬಟ್ಟೆ ಅಂಗಡಿ ಮುಂದಿನ ಬೊಂಬೆ ಥರ ನಿಂತಿದಾಳೆ."

"ಎತ್ತಿದ್ದು ಹೆಣಾನೇ, ಸ್ವಾಮಿ. ನೀವು ಗಮನಿಸಿಲ್ಲ ಅಷ್ಟೇ."

ಕೊಕ್ಕೆ ಮೇಡಂ ಒಂದೇ ಸಾಲು ಬರೆದಿದ್ದಳು: "ಇಷ್ಟಕ್ಕೇ ನಿಲ್ಲಿಸು."

ಅವನಿಗೆ ಮೈಯೆಲ್ಲ ಉರಿಯಿತು. ಅಂದು ಸಂಜೆ ಅಡುಗೆಮನೆಯಲ್ಲಿ ಕೂತು ಅಕ್ಕನನ್ನು ನೋಡುತ್ತಿದ್ದ. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗಿ ಹೇಳುವ ಕೆಲಸ. ಊರಿನಲ್ಲಿ ಅರ್ಧ ಜನಕ್ಕೆ ಅವಳ ಮುಖ ಗೊತ್ತಿಲ್ಲ, ದನಿ ಗೊತ್ತು.

"ಏನೋ ಮಂಕೇಶ, ಹಂಗ್ಯಾಕೆ ನೋಡ್ತೀಯ? ಇಲ್ಲದವರ ಸಂಸಾರ ನೋಡಿಕೊಂಡಿದ್ದು ಸಾಕು, ಇರೋಳು ಬಟ್ಟೆ ಒಣಹಾಕ್ಬೇಕು, ಬಾ."

ಹೇಳಿ ತಾನೇ ನಕ್ಕಳು. ಅಂಗೈ ಬಾಯಿಗೆ ಅಡ್ಡ ಹಿಡಿದು ನಗುವುದು ಅವಳ ಅಭ್ಯಾಸ. ನಗು ಮುಗಿಯುವಾಗ ಸಣ್ಣದೊಂದು ಬಿಕ್ಕಳಿಕೆ. ಅವನು ಅದನ್ನು ಹುಟ್ಟಿದಂದಿನಿಂದ ಕೇಳಿದ್ದ. ಅಂದು ಮೊದಲ ಸಲ ಅದನ್ನು ವಾಕ್ಯವಾಗಿ ಕೇಳಿದ.

ಮುಂದಿನ ಕತೆಯಲ್ಲಿ ಬಣ್ಣದವಳು ಅಂಗೈ ಅಡ್ಡ ಹಿಡಿದು ನಕ್ಕಳು. ಕೊನೆಗೊಂದು ಬಿಕ್ಕಳಿಕೆ.

ಉಗಿದವರೆಲ್ಲ ಬಾಯಿ ಮುಚ್ಚಿಕೊಂಡರು. ಈಗ ಬಂದಳು ನೋಡಿ, ಎಂದರು. ಆ ನಗುವನ್ನು ಇನ್ನಿಬ್ಬರು ತಮ್ಮ ಕತೆಗೂ ಎತ್ತಿಕೊಂಡರು. ಈ ಹವ್ಯಾಸದಲ್ಲಿ ಅದು ಗೌರವದ ಗುರುತು. ಒಬ್ಬ ಹಚ್ಚಿದ್ದು ಎಲ್ಲರಿಗೂ ಹಿಡಿಸಿದರೆ ಕೊನೆಗೆ ಅದು ಮೂಲದಲ್ಲೇ ಇತ್ತೇನೋ ಅನ್ನಿಸುವಷ್ಟು ಅಂಟಿಕೊಂಡುಬಿಡುತ್ತದೆ. ಅವನು ಉಬ್ಬಿಹೋದ. ಆಮೇಲಿನ ವಾರ ಅಕ್ಕನ ಎಡಗೈ ಮಣಿಕಟ್ಟಿನ ಸುಟ್ಟಗಾಯದ ಕಲೆ ಕೊಟ್ಟ. ಅದರ ಆಮೇಲಿನ ವಾರ ಅವಳು ಜನರನ್ನು ಬೈಯುತ್ತಲೇ ಮುದ್ದು ಮಾಡುವ ಧಾಟಿ ಕೊಟ್ಟ. ಮಂಕೇಶ ಎಂಬ ಕರೆಯನ್ನೂ ಕೊಟ್ಟ.

ಅಕ್ಕ ನಗುವುದನ್ನು ನಿಲ್ಲಿಸಿ ಎಷ್ಟು ದಿನವಾಯಿತೆಂದು ಅವನು ಗಮನಿಸಿರಲಿಲ್ಲ. ಬರೆಯುವುದರಲ್ಲಿ ಮುಳುಗಿದ್ದ. ಒಂದು ಮಧ್ಯಾಹ್ನ ಅವಳು ತೋಳೇರಿಸಿ ಪಾತ್ರೆ ತಿಕ್ಕುತ್ತಿದ್ದಾಗ ಮಣಿಕಟ್ಟು ಕಂಡಿತು. ಕಲೆ ಇರಲಿಲ್ಲ. ಚರ್ಮ ಹಸುಗೂಸಿನದರಂತೆ ನುಣ್ಣಗಿತ್ತು.

"ಅಕ್ಕ, ನಿನ್ನ ಕಲೆ ಎಲ್ಲಿ?"

ಅವಳು ತಿರುಗಿ ನೋಡಿದಳು. ಬಸ್ಸಿನಲ್ಲಿ ಕಾಲು ತುಳಿದ ಅಪರಿಚಿತನನ್ನು ನೋಡುವ ಹಾಗೆ.

"ಯಾವ ಕಲೆ? ನೀವು ಊಟ ಮಾಡಿದ್ರಾ?"

ನೀವು. ಆಗಲೇ ವಾಸನೆಯೂ ಮೂಗಿಗೆ ಬಡಿದದ್ದು. ಹುಳಿಹಿಡಿದ ನೀಲಿಯ ವಾಸನೆ, ಎಷ್ಟೋ ದಿನ ಒಣಗದೆ ಮುದ್ದೆಯಾದ ನೂಲಿನ ವಾಸನೆ. ಅದು ನಲ್ಲಿಯಿಂದ ಬರುತ್ತಿರಲಿಲ್ಲ. ಅಕ್ಕನ ಕೂದಲಿನಿಂದ ಬರುತ್ತಿತ್ತು. ಅವಳ ಉಗುರುಗಳ ಬುಡದಲ್ಲಿ ತೆಳ್ಳಗೆ ನೀಲಿ ಗೆರೆ ಮೂಡಿತ್ತು.

ಅವನು ಓಡಿದ್ದು ಕೊಕ್ಕೆ ಮೇಡಂನ ಕಚೇರಿಗೆ. ಅವಳು ಎತ್ತರದ ಮೇಜಿನ ಮುಂದೆ ನಿಂತು ಯಾವುದೋ ಕಟ್ಟಡದ ಚರಂಡಿಯ ನಕ್ಷೆ ಎಳೆಯುತ್ತಿದ್ದಳು. ಅವನ ಮುಖ ನೋಡಿ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿದಳು.

"ಯಾರದ್ದು ಕೊಟ್ಟೆ?"

"ಅಕ್ಕನದು."

"ಎಷ್ಟು?"

"ನಗು. ಕಲೆ. ಮಾತು."

ತ್ಚ್.

"ಬರೆದವಳಿಗೆ ಒಬ್ಬ ಓರಗಿತ್ತಿ ಇದ್ದಳು," ಎಂದಳು, ನಕ್ಷೆಯಿಂದ ಕಣ್ಣೆತ್ತದೆ. "ನೂಲಿಗೆ ಬಣ್ಣ ಹಾಕ್ತಿದ್ದಳು. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಬೇರೆಯವರು ಮಾಟ ಮಾಡಿಸೋಕೆ ಹಿಟ್ಟಿನ ಗೊಂಬೆ ಮಾಡ್ತಾರೆ, ಕೂದಲು, ಉಗುರು ಸೇರಿಸ್ತಾರೆ. ಇವಳು ಮಾತಿನಲ್ಲಿ ಮಾಡಿದಳು. ಒಂದು ಕಂತಲ್ಲಿ ಅವಳ ನಡಿಗೆ ಹಾಕಿದಳು, ಮನೇಲಿ ಅವಳ ಕಾಲು ಎಳೆಯೋಕೆ ಶುರುವಾಯ್ತು. ಇನ್ನೊಂದರಲ್ಲಿ ಹಾಡು ಹಾಕಿದಳು, ಗಂಟಲು ಹೋಯ್ತು. ಹೀಗೆ ಒಂಬತ್ತು. ಪೂರ್ತಿ ಅವಳೇ ಆದ ಮೇಲೆ ಮುಳುಗಿಸಿದಳು. ಮೂವತ್ತನೇ ಕಂತು ಅಂಗಡಿಗೆ ಬಂದ ಬೆಳಗ್ಗೆ ಓರಗಿತ್ತಿ ತೊಟ್ಟಿಯಲ್ಲಿ ಸಿಕ್ಕಿದಳು."

"ನಿಮಗೆ ಇದೆಲ್ಲ ಯಾರು ಹೇಳಿದ್ರು?"

"ಯಾರು ಹೇಳಬೇಕು? ಎತ್ತಿದವರಲ್ಲಿ ನಾನೂ ಇದ್ದೆ. ಆ ಓರಗಿತ್ತಿ ನನ್ನಮ್ಮ."

ಪಕ್ಕದ ಮೇಜಿನಲ್ಲಿ ಯಾರೋ ಕಾಗದ ಕತ್ತರಿಸುತ್ತಿದ್ದರು.

"ನಾನು ಕತೆ ತೆಗೆದುಹಾಕ್ತೀನಿ. ಈಗಲೇ."

"ತೆಗಿ. ತಾಣದಲ್ಲಿ ಈಗಾಗಲೇ ಹದಿನೇಳು ಜನರ ಕತೆಯಲ್ಲಿ ನಿನ್ನಕ್ಕನ ನಗು ಇದೆ. ನಿನ್ನೆ ಇಬ್ಬರು ಬಂದಿದ್ದರು. ಒಬ್ಬಳ ಗಂಡ ಹಾಡೋದು ಮರೆತಿದಾನೆ. ಇನ್ನೊಬ್ಬನ ಮಗಳಿಗೆ ಬಲಗೈ ಯಾವುದು, ಎಡಗೈ ಯಾವುದು ಗೊತ್ತಾಗ್ತಿಲ್ಲ. ಎಲ್ಲರೂ ನಿನ್ನ ನೋಡಿ ತಮ್ಮದೂ ಒಂದೊಂದು ಸೇರಿಸಿದಾರೆ. ಗೊಂಬೆ ಮತ್ತೆ ಬಾಯಿ ತೆರೆದಿದೆ."

"ಮುಚ್ಚೋದು ಹೇಗೆ?"

"ಮತ್ತೆ ಮುಳುಗಿಸಬೇಕು. ಈ ಭಾನುವಾರ ನಾನೇ ಬರೀತೀನಿ."

"ಮುಳುಗಿಸಿದ್ರೆ ನನ್ನಕ್ಕ?"

ಅವಳು ಮೊದಲ ಸಲ ಅವನನ್ನು ನೇರ ನೋಡಿದಳು. ಆ ಕಣ್ಣಿನಲ್ಲಿ ಕರುಣೆಯ ಪಸೆಯೂ ಇರಲಿಲ್ಲ.

"ಮಿಕ್ಕವರದ್ದೆಲ್ಲ ಒಂದೊಂದು ಚೂರು. ಅವು ಕಳಚಿಕೊಳ್ಳುತ್ತವೆ. ಗೊಂಬೆ ಆಗಿರೋದು ಜಾಸ್ತಿ ನಿನ್ನಕ್ಕನ ಹಾಗೆ. ಇಪ್ಪತ್ತು ಮನೆ ಉಳೀಬೇಕು. ಒಂದು ಹೋಗುತ್ತೆ. ಬೇಡ ಅಂದಿದ್ದನ್ನ ಮಾಡಿದವನು ನೀನು."

"ಅವಳದ್ದು ಬಿಡಿಸಿ, ಏನೋ ಒಂದು ಕಲ್ಪನೆ ಮಾಡಿ ತುಂಬಿದ್ರೆ? ಸುಳ್ಳು ಸಂಗತಿ?"

"ಸುಳ್ಳು ಅಂಟಲ್ಲ. ನಿನ್ನ ಮೊದಲನೇ ಕತೆ ಯಾಕೆ ಸತ್ತಿತ್ತು ಅಂದ್ಕೊಂಡೆ? ಇರೋರದ್ದು ಹಾಕಿದರೆ ಮಾತ್ರ ಹಳಬರು ಜಾಗ ಬಿಡ್ತಾರೆ." ಹೇಳಿದವಳು ತಕ್ಷಣ ತುಟಿ ಕಚ್ಚಿಕೊಂಡಳು. ಅಷ್ಟು ಹೇಳಬಾರದಿತ್ತೆಂದು ಅವಳಿಗೆ ಗೊತ್ತಾಗಿತ್ತು. ಅವನಿಗೂ ಗೊತ್ತಾಗಿತ್ತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಅವನು ಅಕ್ಕನನ್ನು ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಬಂದ. ರಜೆಯ ದಿನ. ಉದ್ದದ ಓಣಿಯಲ್ಲಿ ಫಿನಾಯಿಲಿನ ವಾಸನೆ, ಯಾರೂ ಕೂರದ ಬೆಂಚುಗಳು. ಅವಳು ಎಲ್ಲಿಗೆಂದು ಕೇಳಲಿಲ್ಲ. ಮೂರು ದಿನದಿಂದ ನಿಲ್ದಾಣಕ್ಕೂ ಹೋಗಿರಲಿಲ್ಲ. ಯಾವ ಬಸ್ಸಿನ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಹಿಡಿದ ಅವಳ ಅಂಗೈ ಒದ್ದೆಯಾಗಿತ್ತು. ಅವನ ಅಂಗೈಗೆ ನೀಲಿ ಹತ್ತಿತು.

ಸದ್ದು ನುಗ್ಗದ ಕೋಣೆಯಲ್ಲಿ ಅವಳನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಗುಂಡಿ ಕೊಟ್ಟ. ಹೊರಗಿನದು ಯಾವುದೂ ಅಲ್ಲಿಗೆ ಹೋಗಲಾರದೆಂದು ಹನ್ನೊಂದು ವರ್ಷ ನಂಬಿದ್ದ ಜಾಗ ಅದು. ಬಾಗಿಲೆಳೆದ. ಗಾಜಿನ ಈಚೆ ಕೂತು ಲ್ಯಾಪ್‌ಟಾಪ್ ತೆರೆದ.

ಮೊದಲು ತನ್ನನ್ನೇ ಕೊಡಬೇಕೆಂದುಕೊಂಡ. ನ್ಯಾಯವಾಗಿ ಅದೇ ಸರಿ. 'ಬಣ್ಣದವಳು' ಎಂದು ಬರೆದು ಕೂತ. ತಾನು ಹೇಗೆ ನಗುತ್ತೇನೆ? ಗೊತ್ತಿರಲಿಲ್ಲ. ಕೋಪ ಬಂದರೆ ಕೈ ಏನು ಮಾಡುತ್ತದೆ? ಗೊತ್ತಿರಲಿಲ್ಲ. ಜೀವಮಾನವೆಲ್ಲ ಬೇರೆಯವರನ್ನು ನೋಡುತ್ತ ಕೂತವನಿಗೆ ತನ್ನ ಬಗ್ಗೆ ನಿಜವಾದ ಒಂದು ಸಾಲೂ ಸಿಗಲಿಲ್ಲ. ಬರೆದದ್ದೆಲ್ಲ ಸುಳ್ಳಾಯಿತು. ಸುಳ್ಳು ಅಂಟಲಿಲ್ಲ.

ಗಾಜಿನ ಆಚೆ ಅಕ್ಕನ ಕೈ ಅಲ್ಲಾಡಿತು. ಯಂತ್ರದ ಮೇಲೆ ದೀಪ ಹತ್ತಿತು. ಅವಳು ಗುಂಡಿ ಒತ್ತಿದ್ದಳು. ಏನೋ ಕೇಳಿಸಿದೆಯೆಂದು.

ಅವನು ಯಾವ ಸದ್ದನ್ನೂ ಕಳಿಸಿರಲಿಲ್ಲ.

ಮತ್ತೆ ಒತ್ತಿದಳು. ಮತ್ತೆ. ಅವನು ಒಳಗಿನ ಮೈಕಿನ ಗುಂಡಿ ತಿರುಗಿಸಿದ. ಸ್ಪೀಕರಿನಲ್ಲಿ ನೀರು. ಚಳಕ್, ಚಳಕ್, ಒದ್ದೆ ನೂಲಿನ ಲಡಿಯನ್ನು ಎತ್ತಿ ಹಿಂಡುವ ಸದ್ದು. ಹಿಂಡಿ ಮತ್ತೆ ಅದ್ದುವ ಸದ್ದು. ಅದರ ನಡುವೆ ಯಾರೋ ನಕ್ಕರು. ಕೊನೆಗೊಂದು ಬಿಕ್ಕಳಿಕೆ.

ಅಕ್ಕನ ಬಾಯಿ ಮುಚ್ಚಿಯೇ ಇತ್ತು.

ಹನ್ನೊಂದೂವರೆ. ಒಳಗಿನ ದೀಪ ಮಿಣುಕಿ ಆರಿತು. ಗಾಜು ಕಪ್ಪಾಯಿತು. ಆ ಕಪ್ಪಿನಲ್ಲಿ ಅವನ ಮುಖವೊಂದೇ ಕಾಣುತ್ತಿತ್ತು, ಅದರ ಹಿಂದೆ ಇನ್ನೊಂದು ಮುಖದ ಅಂಚು. ಹುಳಿ ನೀಲಿಯ ವಾಸನೆ ಬಾಗಿಲ ಸಂದಿನಿಂದ ಹೊರಗೆ ತೊಟ್ಟಿಕ್ಕತೊಡಗಿತು. ನಿಜವಾಗಿಯೇ ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ನೀಲಿ ನೀರು ಹಾವಿನಂತೆ ಅವನ ಚಪ್ಪಲಿಯತ್ತ ಬಂತು.

ಅವನ ಬೆರಳುಗಳು ಕೀಲಿಮಣೆಯ ಮೇಲೆ ಹೋದವು.

ಬಣ್ಣದವಳು ಬೆರಳು ನೆಕ್ಕಿ ಹಾಳೆ ತಿರುವಿದಳು, ಎಂದು ಬರೆದ.

ಸಾಲು ತನ್ನಷ್ಟಕ್ಕೆ ಬಂತು. ಅದರ ಹಿಂದೆ ಇನ್ನೊಂದು. ತುರುಬಿನಲ್ಲಿ ಪೆನ್ಸಿಲ್. ಮೆಚ್ಚದ್ದು ಕಂಡಾಗ ನಾಲಿಗೆಯ ತ್ಚ್. ತಪ್ಪಾದ ಮಾತು ಹೊರಬಿದ್ದರೆ ಕಚ್ಚಿಕೊಳ್ಳುವ ಕೆಳತುಟಿ. ನೇರ ನೋಡುವಾಗ ಎಡಗಣ್ಣು ಸ್ವಲ್ಪ ಕಿರಿದಾಗುವುದು. ತಾಯಿಯನ್ನು ತೊಟ್ಟಿಯಿಂದ ಎತ್ತಿದ ಕೈಗಳನ್ನು ಮೇಜಿನ ಅಂಚಿಗೆ ಒತ್ತಿ ಹಿಡಿಯುವುದು. ಅವಳು ಮಾತಾಡಿದಾಗಲೆಲ್ಲ ಅವನು ಇದನ್ನೆಲ್ಲ ನೋಡಿಟ್ಟಿದ್ದ, ಗೊತ್ತಿಲ್ಲದೆಯೇ. ತಾನು ಇಷ್ಟು ಚೆನ್ನಾಗಿ ಯಾವತ್ತೂ ಬರೆದಿಲ್ಲ ಅನ್ನಿಸಿತು. ಆ ಹೊತ್ತಿನಲ್ಲೂ ಹಾಗೆ ಅನ್ನಿಸಿತು.

ಸ್ಪೀಕರಿನಲ್ಲಿ ನಗು ತುಂಡಾಯಿತು. ನೀರು. ನೀರು. ಆಮೇಲೆ ಹತ್ತಿರದಲ್ಲಿ, ಕಿವಿಗೆ ತುಟಿ ಹಚ್ಚಿದಷ್ಟು ಹತ್ತಿರದಲ್ಲಿ:

ತ್ಚ್.

ಹನ್ನೊಂದು ಐವತ್ತೆಂಟು. ಮಿಕ್ಕವರಂತೆ ಹನ್ನೆರಡರವರೆಗೆ ಕಾಯಲಿಲ್ಲ. ಪ್ರಕಟಿಸಿದ. ಓದುಗರು ಆಗಲೇ ಕಾದು ಕೂತಿದ್ದರು. ಮೂವರು ತೆರೆದರು, ಏಳು, ಹದಿನಾಲ್ಕು. ಫೋನ್ ಬಡಿದುಕೊಂಡಿತು. ಕೊಕ್ಕೆ ಮೇಡಂ. ಅವನು ಎತ್ತಿದ.

"ಏನು ಬರೆದೆ?" ಆ ದನಿಯಲ್ಲಿ ಅಂಚುಗಳಿರಲಿಲ್ಲ. ಯಾರ ದನಿಯೂ ಆಗಿರಬಹುದಿತ್ತು. "ನನ್ನ ಕೈ... ಏನು ಬರೆದ್ರಿ ನೀವು? ನನ್ನದು ಹನ್ನೆರಡಕ್ಕೆ ತಾನಾಗೇ ಹೋಗೋ ಹಾಗೆ ಇಟ್ಟಿದೀನಿ. ಹೇಗೆ ನಿಲ್ಲಿಸೋದು ಅಂತ ಮರ್ತುಹೋಗಿದೆ. ಹೇಳಿ. ಹೇಗೆ ನಿಲ್ಲಿಸೋದು?"

ಅವನಿಗೆ ಗೊತ್ತಿತ್ತು. ಒಂದು ಗುಂಡಿ ಒತ್ತಿದರಾಯಿತು. ಎರಡು ಪದ ಸಾಕಿತ್ತು.

ಅವನು ಗಾಜಿನತ್ತ ನೋಡಿದ. ಸುಮ್ಮನಿದ್ದ.

ಹನ್ನೆರಡು.

ಫೋನಿನಲ್ಲಿ ಏನೋ ದೊಡ್ಡದು ನೀರಿಗೆ ಬಿದ್ದ ಸದ್ದು. ಒಮ್ಮೆ ಕೈ ಬಡಿದ ಸದ್ದು. ಗುಳ್ಳೆ. ಗುಳ್ಳೆ. ಆಮೇಲೆ ನಿಶ್ಶಬ್ದ. ಅವನಿಗೆ ಒಗ್ಗಿದ, ಕೋಣೆಯೊಳಗಿನಂಥ ನಿಶ್ಶಬ್ದ.

ಒಳಗೆ ದೀಪ ಹತ್ತಿತು. ಅಕ್ಕ ಹೆಡ್‌ಫೋನು ಕಿತ್ತು ಬಾಗಿಲು ಗುದ್ದುತ್ತಿದ್ದಳು.

"ಲೋ ಮಂಕೇಶ, ಈ ಡಬ್ಬಿಯೊಳಗೆ ನನ್ನ ಯಾಕೋ ತುರುಕಿದೀಯ? ಉಸಿರು ಕಟ್ಟುತ್ತೆ, ತೆಗಿ ಬಾಗಿಲು."

ಮಣಿಕಟ್ಟಿನಲ್ಲಿ ಕಲೆ ಇತ್ತು. ಅವನು ಅದನ್ನು ಹಿಡಿದು ಅತ್ತ. ಅವಳು ಅವನ ತಲೆಗೊಂದು ಮೊಟಕಿದಳು. ನೆಲ ಒಣಗಿತ್ತು.

ಕೊಕ್ಕೆ ಮೇಡಂ ಸಿಕ್ಕಿದ್ದು ಮರುದಿನ, ತನ್ನ ಮನೆಯ ಮೇಜಿನ ಮುಂದೆ. ಕೋಣೆಯಲ್ಲಿ ಒಂದು ಹನಿ ನೀರಿರಲಿಲ್ಲ. ಶ್ವಾಸಕೋಶದ ತುಂಬ ನೀರಿತ್ತು. ಕೈಗಳು ಮೊಣಕೈಯವರೆಗೆ ನೀಲಿ. ತಾಣದಲ್ಲಿ ಅವಳ ಕೊನೆಯ ಕತೆಯ ಕೆಳಗೆ ಯಾರೋ ಬರೆದಿದ್ದರು: "ಈ ಸಲ ನಿಜವಾಗಿ ಸತ್ತಳು ಅನ್ನಿಸಿತು. ಇಬ್ಬರಿಗೂ ಅಭಿನಂದನೆ."

ಅಕ್ಕ ಯಾವತ್ತೂ ಅವನ ಕತೆ ಓದಿದವಳಲ್ಲ. ಆ ವಾರ ಓದಿದಳು. ಪೊಲೀಸರು ಬಂದು ಅವನನ್ನು ಎರಡು ಪ್ರಶ್ನೆ ಕೇಳಿ ಹೋದ ಮೇಲೆ ಅವಳಿಗೆ ಅನುಮಾನ ಬಂದಿರಬೇಕು. ಅವನು ಕೆಲಸದಿಂದ ಬಂದಾಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು.

"ಇದರಲ್ಲಿ ನಗ್ತಿರೋದು ನಾನು," ಎಂದಳು.

ಅವನು ಹೌದೆಂದ.

"ಈ ಪೆನ್ಸಿಲ್‌ನವಳು ಸತ್ತ ಆ ಹೆಂಗಸು."

ಅವನು ಹೌದೆಂದ. ನಿನಗೋಸ್ಕರವೇ ಎಂದು ಹೇಳಲು ಬಾಯಿ ತೆರೆದ. ಅವಳು ಅಂಗೈ ಎತ್ತಿ ತಡೆದಳು. ಎತ್ತಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ, ಅದನ್ನು ಅವನು ನೋಡುತ್ತಿದ್ದಾನೆಂದು ಗೊತ್ತಾದವಳಂತೆ, ನಿಧಾನವಾಗಿ ಸೆರಗಿನೊಳಗೆ ಎಳೆದುಕೊಂಡಳು.

"ನನ್ನದು ಇನ್ನೇನೇನು ನೋಡಿಟ್ಟಿದೀಯ?"

ಪಟ್ಟಿ ಉದ್ದವಿತ್ತು.

ಅವಳು ಅವನನ್ನು ಬಿಟ್ಟು ಹೋಗಲಿಲ್ಲ. ಹೋಗಬಹುದಿತ್ತು. ಅದೇ ಮನೆ, ಅದೇ ಹೊತ್ತಿಗೆ ಊಟ. ಆದರೆ ಅಂದಿನಿಂದ ಅವನ ಮುಂದೆ ಅವಳು ಏನೂ ಅಲ್ಲ. ನಗುವುದಿಲ್ಲ, ಬೈಯುವುದಿಲ್ಲ, ಕೈಯಾಡಿಸುವುದಿಲ್ಲ. ಬೆನ್ನು ತೋರಿಸಿ ಬಡಿಸುತ್ತಾಳೆ. ಕೇಳಿದ್ದಕ್ಕೆ ಹೌದು, ಇಲ್ಲ. ಮುಖ ತೊಳೆದಿಟ್ಟ ತಟ್ಟೆಯ ಹಾಗೆ. ಎರಡು ತಿಂಗಳಾಯಿತು, ಅವನು ಒಂದಕ್ಷರ ಬರೆದಿಲ್ಲ. ಆಣೆ ಮಾಡಿ ಹೇಳಿದ್ದಾನೆ. ಅವಳು ತಲೆಯಾಡಿಸುವುದನ್ನೂ ನಿಲ್ಲಿಸಿದ್ದಾಳೆ.

ನಿನ್ನೆ ಅವನು ಕೆಲಸದಿಂದ ಬೇಗ ಬಂದ. ಬಾಗಿಲ ಹೊರಗೆ ನಿಂತಾಗ ಒಳಗಿನಿಂದ ದನಿ ಕೇಳಿಸಿತು. ಅಕ್ಕ ಫೋನಿನಲ್ಲಿ ಗೆಳತಿಯ ಜೊತೆ ಮಾತಾಡುತ್ತಿದ್ದಳು. ನಿಲ್ದಾಣದ ಮ್ಯಾನೇಜರನ ಗೊಗ್ಗರು ದನಿಯನ್ನು ಅಣಕಿಸುತ್ತಿದ್ದಳು, ಯಾರದೋ ಮದುವೆ ಮುರಿದದ್ದಕ್ಕೆ ಉಗಿಯುತ್ತಿದ್ದಳು, ಕತೆಯ ನಡುವೆ ಮರೆತು ಪಾತ್ರೆ ಕುಟ್ಟುತ್ತಿದ್ದಳು. ಮಾತಿನ ಕೊನೆಯನ್ನು ಮೇಲೆತ್ತಿ ಥಟ್ಟನೆ ಕೆಳಗೆ ಬಿಡುವ ಒಂದು ರೀತಿ ಅವಳಿಗಿತ್ತು. ಅದನ್ನು ಅವನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಎಷ್ಟು ಜೀವಂತ, ಎಂದುಕೊಂಡ.

ಬಾಗಿಲಿಗೆ ಹಣೆ ಒತ್ತಿ ಬಹಳ ಹೊತ್ತು ಕೇಳಿದ. ಆಮೇಲೆ ಕೆಳಗೆ ನೋಡಿದ. ಅವನ ತೋರುಬೆರಳು ಬಾಗಿಲ ಧೂಳಿನ ಮೇಲೆ, ಪುಟ್ಟ ಅಕ್ಷರಗಳಲ್ಲಿ, ಅವಳ ಮಾತಿನ ಆ ರೀತಿಯನ್ನು ಬರೆದುಕೊಳ್ಳುತ್ತಿತ್ತು.

ಒಳಗೆ ದನಿ ನಡು ಮಾತಿನಲ್ಲೇ ನಿಂತುಹೋಯಿತು.